ಮೊದಲು ಡಬ್ಬಿಯ ಬೆನ್ನು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ದೀಪಾವಳಿ ಹತ್ತಿರ ಬಂತು, ಅಂಗಡಿಗಳಲ್ಲಿ ಆಫರ್ ಶುರುವಾಗಿವೆ. ಹೋಮ್ ಥಿಯೇಟರ್ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ಬಾನುಲಿ ಕೇಂದ್ರದವರು ಕರೆದರು. ನಾನು ಬಾಗಲಕೋಟೆಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವವನು. ಎಲ್ಲಾ ಹೇಳುತ್ತಾ ಕೂತರೆ ಬೆಳಗಾಗುತ್ತದೆ. ಅದಕ್ಕೆ ಇವತ್ತು ಒಂದೇ ವಿಷಯ ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಐದೋ ಏಳೋ ಸ್ಪೀಕರಿನ ಸೆಟ್ಟಿದೆ. ಸಿನಿಮಾ ಭರ್ಜರಿಯಾಗಿ ಕೇಳುತ್ತದೆ. ಹಾಡು ಹಚ್ಚಿದರೆ ಮಾತ್ರ ಸಪ್ಪೆ. ಹಾಡಿಗೆ ಅಂತ ಬೇರೆ ಒಂದು ಸ್ಟಿರಿಯೋ ಆಂಪ್ಲಿಫೈಯರ್, ಅಂದರೆ ಎಡ, ಬಲ ಎರಡೇ ಸ್ಪೀಕರ್ ನಡೆಸುವ ಡಬ್ಬಿ, ತಂದು ಇದಕ್ಕೇ ಸೇರಿಸಬಹುದಾ? ನನ್ನ ಅಂಗಡಿಗೆ ಈ ಪ್ರಶ್ನೆ ಹೊತ್ತು ಬರುವವರು ಬಹಳ ಜನ.

ಸೇರಿಸಬಹುದು. ಆದರೆ ಅಂಗಡಿಗೆ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಈಗ ಮನೆಯಲ್ಲಿರುವ ಡಬ್ಬಿ, ಅಂದರೆ ರಿಸೀವರ್, ಅದನ್ನು ತಿರುಗಿಸಿ ಬೆನ್ನು ನೋಡಿ. ಟಾರ್ಚ್ ಹಾಕಿ ನೋಡಿ. ಅಲ್ಲಿ ‘ಪ್ರಿ-ಔಟ್’ ಅಂತ ಬರೆದು, ‘ಫ್ರಂಟ್’ ಅನ್ನುವ ಹೆಸರಿನ ಕೆಳಗೆ ಒಂದು ಕೆಂಪು, ಒಂದು ಬಿಳಿ ತೂತು ಇವೆಯಾ? ಬಲ ತುಂಬುವ ಮುಂಚಿನ ಸಣ್ಣ ಸಿಗ್ನಲನ್ನು ಬೇರೆ ಆಂಪ್ಲಿಫೈಯರಿಗೆ ಕೊಡುವ ತೂತು ಅವು. ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಅಲ್ಲೇ ನಿಲ್ಲಿ, ಇದಕ್ಕೆ ಸೇರಿಸಲು ಅಂತ ಹೊಸ ಆಂಪ್ಲಿಫೈಯರಿಗೆ ರೊಕ್ಕ ಬಿಚ್ಚಬೇಡಿ. ಸಬ್‌ವೂಫರಿಗೆ, ಅಂದರೆ ಗುಡುಗಿನಂಥ ತಗ್ಗು ದನಿಯ ಪೆಟ್ಟಿಗೆಗೆ, ಅಂತ ಒಂಟಿ ತೂತು ಬಹಳ ಡಬ್ಬಿಗಳಲ್ಲಿ ಇರುತ್ತದೆ. ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಫ್ರಂಟ್ ಎಡ, ಫ್ರಂಟ್ ಬಲ, ಈ ಎರಡು ಬೇಕು.

ಟಿವಿ ಕೆಳಗೆ ಉದ್ದನೆಯ ಸೌಂಡ್‌ಬಾರ್ ಇಟ್ಟವರು ಇದ್ದೀರಿ. ನಿಮಗೆ ಈ ಮಾತು ಅನ್ವಯಿಸುವುದಿಲ್ಲ. ಬೇಜಾರಾಗಬೇಡಿ, ಕೇಳುತ್ತಾ ಇರಿ.

ಈಗ ಹಾಡು ಯಾಕೆ ಸಪ್ಪೆ ಅಂತ ನೋಡೋಣ. ರಿಸೀವರ್ ಒಂದೇ ಡಬ್ಬಿ, ಆದರೆ ಅದರ ತಲೆ ಮೇಲೆ ಹತ್ತು ಕೆಲಸ. ಟಿವಿಯ ಎಚ್‌ಡಿಎಂಐ ನೋಡಿಕೊಳ್ಳಬೇಕು, ಸಿನಿಮಾದ ಸದ್ದನ್ನು ಬಿಡಿಸಿ ಯಾವುದು ಮುಂದೆ, ಯಾವುದು ಹಿಂದೆ ಅಂತ ಹಂಚಬೇಕು, ಆಮೇಲೆ ಐದು ಅಥವಾ ಏಳು ಸ್ಪೀಕರಿಗೆ ಕರೆಂಟ್ ತಳ್ಳಬೇಕು. ಆ ಏಳಕ್ಕೂ ಒಳಗಿರುವುದು ಒಂದೇ ಪವರ್ ಸಪ್ಲೈ. ಒಂದೇ ಬಾವಿಗೆ ಏಳು ಪಂಪ್‌ಸೆಟ್ ಕೂರಿಸಿದ ಹಾಗೆ. ಒಂದೆರಡು ನಡೆದಾಗ ನೀರು ಜೋರು. ಏಳೂ ಶುರುವಾದರೆ ಎಲ್ಲಾ ಪೈಪಿನಲ್ಲೂ ಸಣ್ಣ ಧಾರೆ. ಪೆಟ್ಟಿಗೆ ಮೇಲೆ ನೂರು ವ್ಯಾಟ್ ಅಂತ ಬರೆದಿರುತ್ತಾರಲ್ಲ, ಅದು ಬಹಳ ಸಲ ಎರಡೇ ಸ್ಪೀಕರಿನ ಚಾನೆಲ್ ನಡೆಸಿ ಅಳೆದ ಲೆಕ್ಕ. ಇನ್ನು ಕೆಲವರು ‘ಐದು ಸಾವಿರ ವ್ಯಾಟ್ ಪಿಎಂಪಿಒ’ ಅಂತ ದೊಡ್ಡ ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಉಬ್ಬಿಸಿದ ಲೆಕ್ಕ, ದಯವಿಟ್ಟು ಓದಲೇಬೇಡಿ. ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡಬಲ್ಲ ವ್ಯಾಟ್, ಎಷ್ಟು ಅಂತ ಕೇಳಿ. ಅಂಗಡಿಯವರು ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಬೇರೆ ಸ್ಟಿರಿಯೋ ಆಂಪ್ಲಿಫೈಯರಿಗೆ ಎರಡೇ ಸ್ಪೀಕರಿನ ಜವಾಬ್ದಾರಿ. ಟ್ರಾನ್ಸ್‌ಫಾರ್ಮರ್ ಪೂರ್ತಿ ಆ ಎರಡಕ್ಕೇ. ಹಾಗಂತ ಸದ್ದು ಜಾಸ್ತಿ ಬರುತ್ತದೆ ಅಂದುಕೊಳ್ಳಬೇಡಿ. ವ್ಯಾಟ್ ಎರಡು ಪಟ್ಟು ಮಾಡಿದರೂ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಐವತ್ತು ವ್ಯಾಟಿನದು ತರಲೋ ನೂರರದು ತರಲೋ ಅಂತ ನಿದ್ದೆಗೆಡಬೇಡಿ. ನಮಗೆ ಬೇಕಾದದ್ದು ಸಾಫ್ ದನಿ.

ಸಿನಿಮಾದಲ್ಲಿ ಮಾತು ನಡುವಿನ ಸ್ಪೀಕರಿನಿಂದ ಬರುತ್ತದೆ. ಹಾಡಿನ ರೆಕಾರ್ಡಿಂಗ್ ಹಾಗಲ್ಲ, ಹೆಚ್ಚಿನವು ಎಡ, ಬಲ ಎರಡೇ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ಪ್ಲೇಟುಗಳಲ್ಲಿ ಅದೂ ಇರಲಿಲ್ಲ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅವರ ಹಳೆಯ ಹಾಡನ್ನು ಎರಡು ಒಳ್ಳೆ ಸ್ಪೀಕರಿನಲ್ಲಿ ಹಚ್ಚಿ ನೋಡಿ. ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ ನಿಂತು ಹಾಡುತ್ತಾರೆ. ಸ್ಟಿರಿಯೋ ಹುಟ್ಟಿದ್ದೂ ಸಿನಿಮಾದ ಜಗಳದಿಂದಲೇ ಅನ್ನುತ್ತಾರೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅನ್ನುವ ಎಂಜಿನಿಯರ್ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆಯ ಮೇಲೆ ನಟ ಒಂದು ಕಡೆ ನಡೆಯುತ್ತಾನೆ, ದನಿ ಇನ್ನೊಂದು ಕಡೆಯಿಂದ ಬರುತ್ತದೆ. ಅವನಿಗೆ ಸಿಟ್ಟು ಬಂತಂತೆ. 1931ರಲ್ಲಿ ಸ್ಟಿರಿಯೋ ಪೇಟೆಂಟಿಗೆ ಅರ್ಜಿ ಹಾಕಿದವನು ಅವನೇ.

ಇರಲಿ. ಬೆನ್ನು ನೋಡಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಒಬ್ಬ ಕಾಕಾ. ಜಮಖಂಡಿ ಕಡೆಯ ರೈತರು, ಹೆಸರು ಬೇಡ. ಕಬ್ಬಿನ ಬಿಲ್ಲು ಬಂದ ವರ್ಷ ಮಗ ಮನೆಗೆ ಹೋಮ್ ಥಿಯೇಟರ್ ತಂದಿದ್ದ. ಒಂದೇ ಪೆಟ್ಟಿಗೆಯಲ್ಲಿ ಡಬ್ಬಿ, ಐದು ಅಂಗೈಯಷ್ಟು ಸ್ಪೀಕರು, ಒಂದು ಸಬ್‌ವೂಫರ್ ಎಲ್ಲಾ ಬರುತ್ತದಲ್ಲ, ಅಂಥದ್ದು. ಕಾಕಾ ಸಣ್ಣವರಿದ್ದಾಗ ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿ ಬೆಳೆದವರು. ಈಗ ಅವರ ವಚನ ಗಾಯನದ ಸಿಡಿ ತಂದು ಇದರಲ್ಲಿ ಹಚ್ಚಿದ್ದಾರೆ. ಮರುದಿನ ನನ್ನ ಅಂಗಡಿಗೆ ಬಂದರು.

“ತಮ್ಮಾ, ಪಿಕ್ಚರ್‌ದಾಗ ಬಾಂಬ್ ಬಿದ್ರ ಗ್ವಾಡಿ ನಡಗತೈತಿ. ಆದ್ರ ಮನ್ಸೂರ ಅಜ್ಜಾರ ಹಿಂದ ತಂಬೂರಿನ ಕೇಳಸವಲ್ದು. ಎಲ್ಲಿ ಹೋತು ಅದು?”

ಎಂಥ ಕಿವಿ ನೋಡಿ! ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ ಒಂದು ಎಳೆ ನೂಲು ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಝೇಂಕಾರ ಹುಟ್ಟಿಸುತ್ತಾರೆ. ಅಷ್ಟು ನಾಜೂಕಿನ ದನಿ ಅದು. ಈ ಮನೆಯಲ್ಲಿ ಮಗ ರಿಮೋಟಿನಲ್ಲಿ ‘ಹಾಲ್’ ಅನ್ನುವ ಬಟನ್ ಒತ್ತಿಟ್ಟಿದ್ದ. ಮನ್ಸೂರರು ಐದೂ ಮೂಲೆಯಿಂದ ಹಾಡುತ್ತಿದ್ದರು, ತಂಬೂರಿ ಗದ್ದಲದಲ್ಲಿ ಮುಳುಗಿತ್ತು. ‘ಸ್ಟಿರಿಯೋ’ ಬಟನ್ ಒತ್ತಿ ನೋಡಿ ಕಾಕಾ ಅಂದೆ. ಕೇಳುಗರೇ, ನೀವೂ ಇವತ್ತೇ ಒತ್ತಿ ನೋಡಿ, ಇದಕ್ಕೆ ಖರ್ಚಿಲ್ಲ. ಸ್ವಲ್ಪ ಸುಧಾರಿಸಿತು. ಆದರೆ ಕಾಕಾಗೆ ಅಷ್ಟು ಸಾಲಲಿಲ್ಲ.

ನನಗೆ ಹೇಳದೇ ಊರಾಚೆಯ ಒಂದು ಅಂಗಡಿಗೆ ಹೋಗಿ ದೊಡ್ಡ ಸ್ಟಿರಿಯೋ ಆಂಪ್ಲಿಫೈಯರ್ ಹೊತ್ತು ತಂದರು. ಮನೆಗೆ ಬಂದು ನೋಡಿದರೆ ಹಳೆ ಡಬ್ಬಿಯಲ್ಲಿ ಪ್ರಿ-ಔಟ್ ಎಲ್ಲಿದೆ? ಅಂಥ ಸೆಟ್ಟುಗಳಲ್ಲಿ ಅದು ಇರುವುದೇ ಅಪರೂಪ. ಅಂಗಡಿಗೆ ಫೋನ್ ಮಾಡಿದರು. ಅಲ್ಲಿಯ ಹುಡುಗ ಸುಮ್ನೆ ಇರಬೇಕಲ್ವಾ? ಸ್ಪೀಕರಿನ ವಾಯರ್ ಕತ್ತರಿಸಿ, ಅದರ ತುದಿಗೆ ಪಿನ್ನು ಬೆಸೆದು ಆಂಪ್ಲಿಫೈಯರಿನ ಹಿಂದೆ ಚುಚ್ಚಿ ಅಂದ. ಮಗ ಹಾಗೇ ಮಾಡಿದ. ಸ್ವಿಚ್ ಹಾಕಿದ ಮೇಲೆ ಬಂದದ್ದು ಹಾಡಲ್ಲ, ಸುಟ್ಟ ವಾಸನೆ.

ಆ ಡಬ್ಬಿ ನನ್ನ ಮೇಜಿಗೆ ಬಂತು. ಬಿಚ್ಚಿದರೆ ಸ್ಪೀಕರಿಗೆ ಕರೆಂಟ್ ತಳ್ಳುವ ಚಿಪ್ಪು, ಅಂದರೆ ಔಟ್‌ಪುಟ್ ಐಸಿಯ ಮೇಲೆ ಸಾಸಿವೆ ಕಾಳಿನಷ್ಟು ತೂತು, ಸುತ್ತ ಕಂದು ಕಲೆ. ಇದನ್ನು ಗಮನವಿಟ್ಟು ಕೇಳಿ. ಇಂಥ ಡಬ್ಬಿಗಳಲ್ಲಿ ಸ್ಪೀಕರಿನ ಕಪ್ಪು ವಾಯರ್ ಬಹಳ ಸಲ ಗ್ರೌಂಡ್, ಅಂದರೆ ಸಿಗ್ನಲ್ ಇಲ್ಲದ ಸೊನ್ನೆ ತಂತಿ, ಆಗಿರುವುದಿಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಪಿನ್ನಿನ ಹೊರ ಉಂಗುರ ಮಾತ್ರ ಗ್ರೌಂಡ್. ಎರಡನ್ನೂ ಕೂಡಿಸಿದರೆ ಶಾರ್ಟ್. ಸ್ಪೀಕರಿಗೆ ಹೋಗುವ ಕರೆಂಟನ್ನು ಇನ್ನೊಂದು ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ನೇರ ಕೊಡಬಾರದು. ಯಾರು ಹೇಳಿದರೂ ಕೊಡಬಾರದು.

ಐಸಿ ಬದಲಿಸಿ ಕೊಟ್ಟೆ. ಹೊಸ ಆಂಪ್ಲಿಫೈಯರಿಗೆ ಎರಡು ಬೇರೆ ಸ್ಪೀಕರ್ ಹಾಕಿ, ಸಿಡಿ ಪ್ಲೇಯರನ್ನು ಅದಕ್ಕೇ ನೇರ ಕೊಟ್ಟೆ. ಸಿನಿಮಾದ ಸೆಟ್ಟು ಅದರ ಪಾಡಿಗೆ ಅದು. ಪ್ರಿ-ಔಟ್ ಇಲ್ಲದವರಿಗೆ ನಾನು ಇವತ್ತಿಗೂ ಹೇಳುವ ದಾರಿ ಇದೇ. ಆ ಸಂಜೆ ತಂಬೂರಿ ಕೇಳಿಸಿತು. ಕಾಕಾ ಖುಷಿಯಿಂದ ಹೆಂಡತಿಯನ್ನು, ನಮ್ಮ ಕಾಕೂನ, ಕರೆದರು. ಅವರು ಬಾಗಿಲಲ್ಲೇ ನಿಂತು ಒಂದು ಗಳಿಗೆ ಕೇಳಿದರು. “ಬರೇ ತಂಬೂರಿ ಸಲವಾಗಿ ಇಷ್ಟ್ ರೊಕ್ಕ ಹಾಕಿದ್ರೇನ್ರೀ? ತಂಬೂರಿನ ತರಬೇಕಿತ್ತಲ್ಲ, ಮಿರಜ್ ಏನ್ ದೂರ ಐತಿ?”

ಮುಂದಿನ ದೀಪಾವಳಿಗೆ ಹಳೆ ಸೆಟ್ಟು ಕೊಟ್ಟು ಒಳ್ಳೆ ರಿಸೀವರ್ ತರಲು ಹೊರಟರು. ಈ ಸಲ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯ ಹುಡುಗ ಡಬ್ಬಿಯ ಮುಂದಿನ ಲೈಟು, ಡಿಸ್‌ಪ್ಲೇ ಎಲ್ಲಾ ತೋರಿಸುತ್ತಿದ್ದಾನೆ. ಕಾಕಾ ಅಂದರು, “ತಮ್ಮಾ, ಇದನ್ನ ಮೊದಲ ತಿರುವು. ಮಾರಿ ಆಮ್ಯಾಲ ನೋಡೋಣು, ಬೆನ್ನ ತೋರಸು.”

“ಹಿಂದ ಏನ್ ನೋಡ್ತೀರಿ ಕಾಕಾ, ಬರೇ ತೂತ ಅದಾವ.”

“ಆ ತೂತಿಗೇ ರೊಕ್ಕ ಕೊಡಾಕ ಬಂದೇನಿ.”

ಕತೆ ಉದ್ದವಾಯಿತು. ಪ್ರಿ-ಔಟ್ ಇರುವವರಿಗೆ ಜೋಡಿಸುವ ರೀತಿ ಈಗ ಬೇಗ ಬೇಗ ಹೇಳಿಬಿಡುತ್ತೇನೆ.

ಎರಡೂ ಡಬ್ಬಿಯ ಪ್ಲಗ್ ಕಿತ್ತು ಕೆಲಸ ಶುರು ಮಾಡಿ. ಮುಂದಿನ ಎರಡು ಸ್ಪೀಕರಿನ ವಾಯರನ್ನು ರಿಸೀವರಿನಿಂದ ಬಿಚ್ಚಿ ಸ್ಟಿರಿಯೋ ಆಂಪ್ಲಿಫೈಯರಿಗೆ ಕಟ್ಟಿ. ರಿಸೀವರಿನಲ್ಲಿ ಆ ಜಾಗ ಖಾಲಿ ಇರಲಿ. ಒಂದು ಸ್ಪೀಕರಿಗೆ ಎರಡು ಆಂಪ್ಲಿಫೈಯರ್ ಯಾವತ್ತೂ ಕಟ್ಟಬಾರದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲು ಬದಲಾದರೂ ತಬಲಾದ ಡಗ್ಗಾ ಮಾಯವಾಗುತ್ತದೆ. ಆಮೇಲೆ ಪ್ರಿ-ಔಟಿನಿಂದ ಆಂಪ್ಲಿಫೈಯರಿಗೆ ಒಂದು ಜೋಡಿ ಆರ್‌ಸಿಎ ಕೇಬಲ್, ಅದೇ ಕೆಂಪು, ಬಿಳಿ ಪಿನ್ನಿನದು. ಗಟ್ಟಿ ಪಿನ್ನು, ಕಡಿಮೆ ಉದ್ದ ಇದ್ದರೆ ಸಾಕು. ಹತ್ತು ಸಾವಿರದ ಕೇಬಲ್ ಬೇಕಿಲ್ಲ.

ಈಗ ಆಂಪ್ಲಿಫೈಯರಿನ ಬೆನ್ನನ್ನೂ ನೋಡಬೇಕು. ಹೌದು, ಅದರದೂ! ಅಲ್ಲಿ ‘ಎಚ್‌ಟಿ ಬೈಪಾಸ್’ ಅಂತಲೋ ‘ಮೇನ್ ಇನ್’ ಅಂತಲೋ ಇದ್ದರೆ ಪ್ರಿ-ಔಟಿನ ಕೇಬಲ್ ಅಲ್ಲಿಗೆ. ಆಗ ಸಿನಿಮಾ ನೋಡುವಾಗ ಆಂಪ್ಲಿಫೈಯರಿನ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ರಿಸೀವರಿನ ರಿಮೋಟೇ ಎಲ್ಲಕ್ಕೂ. ಆ ತೂತಿಗೆ ಸಿಡಿ ಪ್ಲೇಯರನ್ನೋ ಫೋನನ್ನೋ ಮಾತ್ರ ಚುಚ್ಚಬೇಡಿ. ವಾಲ್ಯೂಮ್ ಇಲ್ಲದೇ ಪೂರ್ತಿ ಸದ್ದು ಒಮ್ಮೆಲೇ ಬರುತ್ತದೆ, ಸ್ಪೀಕರ್ ಹೋಗುತ್ತದೆ.

ಬೈಪಾಸ್ ಇಲ್ಲದ ಆಂಪ್ಲಿಫೈಯರಾದರೆ ‘ಆಕ್ಸ್’ ಅಂತ ಬರೆದ ಮಾಮೂಲಿ ತೂತಿಗೆ ಕೊಡಿ. ವಾಲ್ಯೂಮನ್ನು ಒಂದು ಜಾಗಕ್ಕೆ ತಂದು ಗುರುತು ಮಾಡಿ. ಕಾಕಾನ ಮನೆಯಲ್ಲಿ ಆ ಗುಂಡಿಯ ಪಕ್ಕ ಕಾಕೂನ ಒಂದು ಕೆಂಪು ಟಿಕಳಿ ಅಂಟಿದೆ. ಸಿನಿಮಾ ಹಾಕುವಾಗ ಗುಂಡಿಯ ಗೆರೆ ಟಿಕಳಿಗೆ ಬರಬೇಕು, ಅಷ್ಟೇ.

ಜೋಡಿಸಿದ ಮೇಲೆ ರಿಸೀವರಿನ ಜೊತೆ ಬರುವ ಸಣ್ಣ ಮೈಕನ್ನು ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟು ಸ್ಪೀಕರುಗಳ ಸೆಟ್ಟಿಂಗ್ ಮತ್ತೆ ಮಾಡಿ. ಇದನ್ನು ಬಿಟ್ಟರೆ ಮುಂದಿನ ಎರಡು ಸ್ಪೀಕರ್ ಜೋರಾಗಿ, ಸಿನಿಮಾದ ಮಾತೇ ಕೇಳಿಸದ ಹಾಗೆ ಆಗಬಹುದು. ಸಿಡಿ ಪ್ಲೇಯರ್, ರೆಕಾರ್ಡ್ ಪ್ಲೇಯರ್ ಇದ್ದರೆ ಅವು ನೇರ ಆಂಪ್ಲಿಫೈಯರಿಗೆ. ಹಾಡು ಕೇಳುವಾಗ ರಿಸೀವರ್ ಆಫ್ ಇರಲಿ.

ಗುಂಯ್ ಅಂತ ಸದ್ದು ಬಂದರೆ ಅದು ನಮ್ಮ ಐವತ್ತು ಹರ್ಟ್ಸ್ ಕರೆಂಟಿನ ಸದ್ದು. ಎರಡೂ ಡಬ್ಬಿಯನ್ನು ಒಂದೇ ಬೋರ್ಡಿಗೆ ಹಾಕಿ ನೋಡಿ. ಕೇಬಲ್ ಟಿವಿಯ ವಾಯರ್ ಕಿತ್ತು ನೋಡಿ. ಮನೆಯ ಅರ್ಥಿಂಗ್ ಗುಂಡಿ ನಮ್ಮ ಕಡೆ ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ, ಅದಕ್ಕೆ ನೀರು ಹಾಕಿಸಿ. ಪ್ಲಗ್ಗಿನ ಮೂರನೇ ಪಿನ್ನು ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಚಹಾ ಕೊಟ್ಟು ಕಳಿಸಿ. ಆ ಪಿನ್ನು ನಿಮ್ಮ ಜೀವ ಕಾಯುತ್ತದೆ.

ಆಂಪ್ಲಿಫೈಯರ್ ಬಿಸಿಯಾಗುತ್ತದೆ. ರಿಸೀವರಿನ ಮೇಲೆ ಅದನ್ನು ಕೂರಿಸಬೇಡಿ, ಮೇಲೆ ಒಂದು ಗೇಣು ಜಾಗ ಬಿಡಿ. ಧೂಳು ಅಂತ ಚೆಂದದ ಕಸೂತಿ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ. ಹಾಡುವಾಗಲಾದರೂ ಅದನ್ನು ತೆಗೆಯಿರಿ, ತಾಯಂದಿರೇ.

ಕೋಣೆಯ ಬಗ್ಗೆ ಮಾತಾಡಲು ಸಮಯವೇ ಉಳಿಯಲಿಲ್ಲ. ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲ ಕೇಳುತ್ತದೆ ಅಂತ ನಮಗೆ ಹೆಮ್ಮೆ. ಮನೆಯ ಹಾಲಿನಲ್ಲಿ ಅದು ಬೇಡ. ನೆಲಕ್ಕೆ ದಪ್ಪನೆಯ ನವಲಗುಂದ ಜಮಖಾನ ಹಾಸಿ, ಕಿಟಕಿಗೆ ಪರದೆ ಹಾಕಿ.

ಕೊನೆಯದಾಗಿ, ಸಿನಿಮಾಕ್ಕೆ ಎರಡನ್ನೂ ಹಚ್ಚುವಾಗ ಮೊದಲು ರಿಸೀವರ್, ಆಮೇಲೆ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್. ಉಲ್ಟಾ ಮಾಡಿದರೆ ಸ್ಪೀಕರಿನಲ್ಲಿ ಧಡ್ ಅಂತ ಸದ್ದು ಬರುತ್ತದೆ.

ಪ್ರಶ್ನೆ ಇದ್ದವರು ಕೇಂದ್ರಕ್ಕೆ ಪತ್ರ ಬರೆಯಿರಿ. ‘ನಮ್ಮದು ಕರಿ ಡಬ್ಬಿ, ಮುಂದೆ ನೀಲಿ ಲೈಟ್ ಇದೆ’ ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ಮಾಡೆಲ್ ನಂಬರ್ ಬರೆಯಿರಿ. ಅದು ಎಲ್ಲಿರುತ್ತದೆ ಅಂತ ಈಗ ಹೇಳಬೇಕಾಗಿಲ್ಲ ಅಲ್ವಾ? ನಮಸ್ಕಾರ.