ಹೊರಗೆ ಹೋಗಲಾಗದ ನಿಲ್ದಾಣ

ಎಲ್ಲರಿಗೂ ನಮಸ್ಕಾರ. ಯೊಕೊಹಾಮಾದಲ್ಲಿ ಇರುವ ನಿಮಗೆ ತ್ಸುರುಮಿ ಲೈನ್ ಗೊತ್ತೇ ಇದೆ. ಆದರೆ ಆ ಮೂರು ಬೋಗಿಯ ಪುಟ್ಟ ರೈಲು ಹತ್ತಿ ನೀರಿನಂಚಿನ ಕೊನೆಯ ನಿಲ್ದಾಣ ಉಮಿ-ಶಿಬೌರಾದವರೆಗೆ ಹೋದವರು ಎಷ್ಟು ಜನ? ಸ್ವಲ್ಪ ಕೈ ಎತ್ತಿ. ನಾಲ್ಕೇ ಜನ! ಉಳಿದವರನ್ನೂ ಅಲ್ಲಿಗೆ ಹೊರಡಿಸಬೇಕು ಅಂತಲೇ ನಾನು ಇವತ್ತು ಬಂದಿರುವುದು.

ನಾನು ಮೊದಲ ಸಲ ಹೋಗಿದ್ದು ಚಳಿಗಾಲದ ಒಂದು ಮಧ್ಯಾಹ್ನ. ಒಂದೇ ಪ್ಲಾಟ್‌ಫಾರ್ಮ್. ಕಂಬಿ ಹಿಡಿದು ಬಗ್ಗಿದರೆ ಕಾಲ ಕೆಳಗೇ ಕಾಲುವೆಯ ನೀರು. ದೂರದಲ್ಲಿ ತ್ಸುಬಾಸಾ ಸೇತುವೆ. ನೀರು ನೋಡುತ್ತ ನಿಂತುಬಿಟ್ಟೆ. ತಿರುಗಿ ನೋಡಿದರೆ ರೈಲು ವಾಪಸ್ ಹೋಗಿಯಾಗಿತ್ತು. ಸರಿ, ಹೊರಗೆ ಸುತ್ತಾಡೋಣ ಅಂತ ಗೇಟಿನ ಕಡೆ ನಡೆದೆ. ಕಾವಲಿನ ಹಿರಿಯರು ತಲೆಬಾಗಿ ವಂದಿಸಿದರು. ಆಮೇಲೆ ಎರಡೂ ಕೈ ಅಡ್ಡಡ್ಡ ಹಿಡಿದು ತೋರಿಸಿದರು. ಗೇಟಿನಾಚೆ ತೊಷಿಬಾ ಕಾರ್ಖಾನೆ. ಅಲ್ಲಿ ಕೆಲಸ ಇರುವವರಿಗೆ ಮಾತ್ರ ಪ್ರವೇಶ. ಬೇರೆ ದಾರಿಯೇ ಇಲ್ಲ. ಮುಂದಿನ ರೈಲಿಗೆ ಒಂದು ಗಂಟೆಗೂ ಜಾಸ್ತಿ ಹೊತ್ತಿತ್ತು.

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ನಕ್ಕು ಪಕ್ಕಕ್ಕೆ ಬೆರಳು ತೋರಿಸಿದರು. ಅಲ್ಲೊಂದು ಪುಟ್ಟ ಪಾರ್ಕು. ನಾಲ್ಕು ಗಿಡ, ಬೆಂಚು, ಎದುರಿಗೆ ನೀರು. ಬೆಂಚಿನ ಮೇಲೆ ವಯಸ್ಸಾದ ದಂಪತಿ ಮಿಕಾನ್, ಅಂದರೆ ಪುಟ್ಟ ಕಿತ್ತಳೆ, ಸುಲಿಯುತ್ತಿದ್ದರು. ಅಜ್ಜಿ ಕರವಸ್ತ್ರದ ಮೇಲೆ ಸಿಪ್ಪೆ ಜೋಡಿಸುತ್ತ ನನ್ನ ಕೈಗೂ ಒಂದು ಹಣ್ಣು ಇಟ್ಟರು. ಮೂವರೂ ಸುಮ್ನೆ ಕೂತು ತಿಂದೆವು.

ಈ ಪಾರ್ಕು ಶುರುವಾಗಿದ್ದು 1995ರಲ್ಲಿ. ನಿಲ್ದಾಣ ಬಂದದ್ದು 1940ರಲ್ಲಿ, ಕಾರ್ಖಾನೆ ಕೆಲಸಗಾರರಿಗಾಗಿ. ಐವತ್ತೈದು ವರ್ಷ ಕಳೆದ ಮೇಲೆ, ಹೊರಗೆ ಹೋಗಲಾಗದೆ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲುವವರಿಗೆ ಅಂತ ಕಂಪನಿ ತನ್ನ ಜಾಗದಲ್ಲೇ ಒಂದು ತುಂಡು ನೆಲ ಬಿಟ್ಟುಕೊಟ್ಟಿತು. ನನಗೆ ಇದು ತುಂಬ ದೊಡ್ಡ ಕೆಲಸ ಅನ್ನಿಸುತ್ತದೆ. ಕಾಯುವವರಿಗೂ ನಿಲ್ದಾಣದಲ್ಲಿ ಒಂದು ಜಾಗ ಬೇಕು, ಅಲ್ವಾ?

ಈ ಲೈನಿನ ಹೆಸರುಗಳದ್ದೇ ಒಂದು ಕಥೆ. ಸಮುದ್ರ ತುಂಬಿಸಿ ಈ ನೆಲ ಮಾಡಿದ ಸಿಮೆಂಟ್ ಉದ್ಯಮಿ ಅಸಾನೊ ಸೊಯಿಚಿರೊ. ಅವರ ಹೆಸರಲ್ಲಿ ಅಸಾನೊ ನಿಲ್ದಾಣ. ಅವರ ಮನೆತನದ ಚಿಹ್ನೆ ಬೀಸಣಿಗೆ. ಬೀಸಣಿಗೆಗೆ ಜಪಾನಿಯಲ್ಲಿ ‘ಓಗಿ’, ಅದರಿಂದ ಓಗಿಮಾಚಿ ನಿಲ್ದಾಣ. ಅಂಜೆನ್ ನಿಲ್ದಾಣ ಅಂದಾಗ ಜಪಾನಿ ಬಲ್ಲವರ ಕಿವಿಗೆ ‘ಸುರಕ್ಷತೆ’ ಅಂತಲೇ ಕೇಳುತ್ತದೆ. ಆದರೆ ಅದು ಬ್ಯಾಂಕ್ ಕಟ್ಟಿದ ಯಾಸುದಾ ಜೆಂಜಿರೊ ಅವರ ಹೆಸರಿನ ಎರಡು ಅಕ್ಷರ! ‘ಯಾಸು’ ಬರೆಯುವ ಅಕ್ಷರವನ್ನು ‘ಅನ್’ ಅಂತಲೂ ಓದುತ್ತಾರೆ. ಓಕಾವಾ, ಕಾಗದ ಉದ್ಯಮದ ಓಕಾವಾ ಹೇಜಾಬುರೊ ಹೆಸರು. ದೊಡ್ಡವರಿಗೆಲ್ಲ ಒಂದೊಂದು ನಿಲ್ದಾಣ ಇದೆ. ಮಿಕಾನ್ ಸುಲಿಯುವ ಅಜ್ಜಿಗೆ ಒಂದು ಬೆಂಚಾದರೂ ಬೇಕು ಅಂತ ನಾನು ಹೇಳುತ್ತಿರುವುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇದೇ ಲೈನಿನ ಕೊಕುದೊ ನಿಲ್ದಾಣದ ಗೋಡೆಯಲ್ಲಿ ಯುದ್ಧಕಾಲದ ಗುಂಡಿನ ಗುರುತುಗಳಿವೆ. ಅದನ್ನೂ ಹೇಳಬೇಕಿತ್ತು, ಇನ್ನೊಮ್ಮೆ ಆಗಲಿ.

ಹೋಗುವವರಿಗೆ ಎರಡೇ ಮಾತು. ಅಲ್ಲಿ ಅಂಗಡಿ ಇಲ್ಲ, ತಿಂಡಿ ತ್ಸುರುಮಿಯಲ್ಲೇ ಕೊಂಡುಕೊಳ್ಳಿ. ಪಾರ್ಕಿಗೆ ಹೋಗುವಾಗ ರೈಲಿನ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ, ವಾಪಸ್ ಬರುವಾಗ ಮತ್ತೆ ಮುಟ್ಟಿಸಿ. ಹಣ್ಣು ಮಾತ್ರ ಒಂದೆರಡು ಜಾಸ್ತಿ ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಕಾಯುತ್ತಿರುತ್ತಾರೆ.