ಬೆಂದ್ರ್ ತೀರ್ಥದಲ್ಲಿ ಮಿಂದರೆ ಚರ್ಮರೋಗ ಹೋಗುತ್ತಾ?

[ದೃಶ್ಯ: ಪೆರ್ಲ ಪೇಟೆ, ಪಾಣಾಜೆ ಕಡೆ ಹೋಗುವ ರಸ್ತೆ]

ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಯಾರಿಗಾದರೂ ತುರಿಕೆ ಬಂದು ಬಿಡದೇ ಇದ್ದರೆ, "ಒಮ್ಮೆ ಬೆಂದ್ರ್ ತೀರ್ಥದಲ್ಲಿ ಮಿಂದು ಬಾ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಪೆರ್ಲದಿಂದ ಸ್ವರ್ಗ, ಪಾಣಾಜೆ ದಾಟಿದರೆ ಇರ್ದೆ, ಅಲ್ಲೇ ಈ ತೀರ್ಥ. ಗಡಿಯಾಚೆ, ಪುತ್ತೂರು ತಾಲೂಕು. ಕಟ್ಟಿದ ಕೊಳ, ಬೆಚ್ಚಗಿನ ನೀರು, ಗಂಧಕದ ವಾಸನೆ.

ಇಲ್ಲೆಲ್ಲೂ ಜ್ವಾಲಾಮುಖಿ ಇಲ್ಲವಲ್ಲ, ನೀರು ಕಾಯುವುದು ಹೇಗೆ? ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಒಂದೊಂದು ಕಿಲೋಮೀಟರ್ ಕೆಳಗಿಳಿದಂತೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಕಾದ ನೀರು ಆರುವ ಮೊದಲೇ ಇನ್ನೊಂದು ಬಿರುಕಿನಲ್ಲಿ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ.

[ದೃಶ್ಯ: ಮುಲಾಮಿನ ಟ್ಯೂಬ್, ಹತ್ತಿರದಿಂದ]

ಗಂಧಕ ಕಜ್ಜಿಗೆ ಮದ್ದು, ನಿಜ. ಆದರೆ ಲೆಕ್ಕ ನೋಡಿ. ತುರಿಕಜ್ಜಿಯ ಮುಲಾಮಿನಲ್ಲಿ 100 ಗ್ರಾಮಿಗೆ 5ರಿಂದ 10 ಗ್ರಾಂ ಗಂಧಕ ಇರುತ್ತದೆ. ಅದನ್ನು ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು, ಅದೂ ಸಾಲಾಗಿ ಕೆಲವು ರಾತ್ರಿ. ಬುಗ್ಗೆಯ ನೀರಿನಲ್ಲಿ ಗಂಧಕವನ್ನು ಅಳೆಯುವುದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ವಾಸನೆ ಜೋರಾಗಿದ್ದರೆ ಮದ್ದೂ ಜೋರು ಅಂದುಕೊಳ್ಳಬೇಡಿ. ಆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಎಳ್ಳಷ್ಟಿದ್ದರೂ ಮೂಗಿಗೆ ಹೊಡೆಯುತ್ತದೆ.

ಹಾಗಾದರೆ ಸೋರಿಯಾಸಿಸ್, ಅಂದರೆ ಚರ್ಮದಲ್ಲಿ ಕೆಂಪಾಗಿ ಹೊಪ್ಪಳೆ ಏಳುವ ಕಾಯಿಲೆ ಇದ್ದವರು ವಿಮಾನ ಹತ್ತಿ ಇಸ್ರೇಲ್-ಜೋರ್ಡಾನ್ ನಡುವಿನ ಮೃತ ಸಮುದ್ರಕ್ಕೆ ಹೋಗುವುದು ಸುಮ್ನೆನಾ? ಅಲ್ಲ. ಅಲ್ಲಿನ ನೀರಿನಲ್ಲಿ ಉಪ್ಪು ಶೇ. 34ರ ಹತ್ತಿರ. ನಮ್ಮ ಬೇಕಲದ ಕಡಲಿನಲ್ಲಿ ಶೇ. 3.5. ಜಾಗವೂ ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಕೆಳಗಿದೆ. ಮೇಲಿನ ಗಾಳಿಯ ಪದರ ದಪ್ಪ, ಚರ್ಮ ಸುಡುವ ಕಿರಣ ಸೋಸಿ ಬರುತ್ತದೆ, ಬಿಸಿಲಿಗೆ ಜಾಸ್ತಿ ಹೊತ್ತು ಮೈಯೊಡ್ಡಬಹುದು. ಉಪ್ಪುನೀರು, ಬಿಸಿಲು, ಮೂರ್ನಾಲ್ಕು ವಾರದ ವಾಸ, ಇಷ್ಟೂ ಸೇರಿ ಚರ್ಮ ತಿಳಿಯಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಹಲವರಿಗೆ ಮತ್ತೆ ಶುರು. ಆ ಬಿಸಿಲಿನ ಕೆಲಸವನ್ನು ಮಂಗಳೂರಿನ ಆಸ್ಪತ್ರೆಯ ಫೋಟೋಥೆರಪಿ ದೀಪವೂ ಮಾಡುತ್ತದೆ. ಪಾಸ್‌ಪೋರ್ಟ್ ಬೇಡ.

ಐಸ್‌ಲ್ಯಾಂಡಿನ ಬ್ಲೂ ಲಗೂನ್ ಅನ್ನುವ ಬಿಸಿನೀರಿನ ಕೊಳದ ಕಥೆ ಇನ್ನೂ ತಮಾಷೆ. ಅದು ವಿದ್ಯುತ್ ಸ್ಥಾವರ ಹೊರಗೆ ಬಿಟ್ಟ ನೀರು! ಈಗ ಟಿಕೆಟ್ ಕೊಂಡು ಮೀಯುತ್ತಾರೆ.

ಚಿಕಿತ್ಸೆಗೆ ಹೊರಗಿನವರು ನಮ್ಮಲ್ಲಿಗೂ ಬರುತ್ತಾರೆ. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿಗೆ ಕೊಡುವ ಚಿಕಿತ್ಸೆ ನೋಡಿ: ಸೋಪು ಹಾಕಿ ತೊಳೆಯುವುದು, ಮೂಲಿಕೆಯ ನೀರಿನಲ್ಲಿ ಕಾಲು ನೆನೆಸುವುದು, ಯೋಗ, ಬ್ಯಾಂಡೇಜ್. ಒಂದು ಮುಳುಗಿಗೆ ಮುಗಿಯುವ ಕೆಲಸ ಅಲ್ಲ.

[ದೃಶ್ಯ: ಕೊಳದ ಮೆಟ್ಟಿಲು]

ಆದರೂ ಇರ್ದೆಗೆ ಹೋಗ್ತೀರಾ? ಹೋಗಿ. ಇಸುಬು ಇದ್ದವರು ಬಿಸಿನೀರಿನಲ್ಲಿ ಜಾಸ್ತಿ ಹೊತ್ತು ಕೂರಬೇಡಿ, ಚರ್ಮ ಒಣಗಿ ತುರಿಕೆ ಏರುತ್ತದೆ. ಮೈ ಒರೆಸಿದ ಕೂಡಲೇ ವ್ಯಾಸಲಿನ್ ಹಚ್ಚಿ. ಗಾಯ ಇದ್ದರೆ ಇಳಿಯಲೇಬೇಡಿ.

ಇನ್ನೊಂದು ವಿಷಯ. 2024, 2025ರಲ್ಲಿ ಕೇರಳದಲ್ಲಿ ಅಮೀಬಾದಿಂದ ಮೆದುಳು ಜ್ವರ ಬಂದ ಸುದ್ದಿ ಮಲಯಾಳ ಚಾನೆಲ್‌ಗಳಲ್ಲಿ ನೋಡಿದ್ದೀರಿ, ಅಲ್ವಾ? ಆ ಅಮೀಬಾಗಳಲ್ಲಿ ನೆಗ್ಲೇರಿಯಾ ಅನ್ನುವ ಜಾತಿಗೆ ಬೆಚ್ಚಗಿನ ಸಿಹಿನೀರು ಇಷ್ಟ. ಕುಡಿದರೆ ಬರುವುದಿಲ್ಲ, ಮೂಗಿನಿಂದ ಒಳಗೆ ಹೋಗುತ್ತದೆ. ಹಾಗಾಗಿ ಯಾವ ಬೆಚ್ಚಗಿನ ಕೊಳವಾದರೂ ತಲೆ ಮುಳುಗಿಸಬೇಡಿ, ಮಕ್ಕಳನ್ನು ಹಾರಲು ಬಿಡಬೇಡಿ. ಮಿಂದು ಬಂದ ಎರಡು ವಾರದೊಳಗೆ ಜ್ವರ, ಜೋರು ತಲೆನೋವು, ವಾಂತಿ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಎಲ್ಲಿ ಮಿಂದಿದ್ದಿರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.