ನಿಂತ ಮಾರುತ್, ಹಾರುವ ಡಕೋಟಾ: ಹಳೆಯ ಯುದ್ಧವಿಮಾನಗಳನ್ನು ನೋಡುವ ಬಗೆ

[ದೃಶ್ಯ: ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಮಾರುತ್ ವಿಮಾನ]

ನಿರೂಪಣೆ: ವೀಕ್ಷಕರಿಗೆ ನಮಸ್ಕಾರ. ಹಾಸನ, ಅರಸೀಕೆರೆ, ಸಕಲೇಶಪುರದ ಶಾಲೆಗಳಿಂದ ಬೆಂಗಳೂರಿಗೆ ಪ್ರವಾಸ ಹೋದವರಲ್ಲಿ ಹಲವರು ಕಬ್ಬನ್ ಪಾರ್ಕ್ ಪಕ್ಕದ ಈ ಅಂಗಳದಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ. ಹಿಂದೆ ಕಾಣುವ ವಿಮಾನದ ಹೆಸರು ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು, 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಮೊದಲ ಬಾರಿಗೆ ಹಾರಿದ ಈ ಯುದ್ಧವಿಮಾನ, 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ದಾಳಿ ನಡೆಸಿತು. ಮುಂದಿನ ಸಲ ಹೋದಾಗ ಮೂತಿಯ ಎರಡೂ ಪಕ್ಕಗಳನ್ನು ಗಮನಿಸಿ; 30 ಮಿಲಿಮೀಟರ್‌ನ ನಾಲ್ಕು ತೋಪುಗಳಿಗೆ ಅಲ್ಲಿ ಜಾಗ ಮಾಡಲಾಗಿದೆ.

ಒಟ್ಟು 147 ಮಾರುತ್‌ಗಳು ತಯಾರಾದವು. ಇಂದು ಹಾರುವ ಸ್ಥಿತಿಯಲ್ಲಿ ಒಂದೂ ಇಲ್ಲ.

[ದೃಶ್ಯ: ಬೇಲೂರು ದೇವಸ್ಥಾನ, ಬಳಿಕ ಹಳೇಬೀಡಿನ ವಸ್ತುಸಂಗ್ರಹಾಲಯದ ಬಯಲು]

ನಿರೂಪಣೆ: ಹಳೆಯದನ್ನು ಉಳಿಸಿಕೊಳ್ಳುವ ಎರಡು ದಾರಿಗಳು ನಮ್ಮ ಹಾಸನ ಜಿಲ್ಲೆಯವರಿಗೆ ಹೊಸತಲ್ಲ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಹಳೇಬೀಡಿನ ಬಯಲಿನಲ್ಲಿ ಜೋಡಿಸಿಟ್ಟ ಶಿಲ್ಪಗಳಿಗೆ ಕಾವಲಷ್ಟೇ ಉಂಟು. ವಿಮಾನಗಳ ಪಾಡೂ ಹೀಗೆಯೇ. ಕಟ್ಟೆಯ ಮೇಲೆ ನಿಲ್ಲಿಸಿದ ವಿಮಾನಕ್ಕೆ ಬಣ್ಣ ಸಾಕು. ಹಾರಿಸಬೇಕಾದ ವಿಮಾನಕ್ಕೆ ಬಿಡಿಭಾಗ, ಅನುಭವಿ ಮೆಕ್ಯಾನಿಕ್, ಆ ಕಾಲದ ಎಂಜಿನ್ನಿನ ಗುಣ ಬಲ್ಲ ಪೈಲಟ್ ಎಲ್ಲವೂ ಒಟ್ಟಿಗೆ ದೊರೆಯಬೇಕು. ಹಳೆಯ ವಿಮಾನಗಳನ್ನು ಉಳಿಸಿದ ಶ್ರೇಯಸ್ಸು ಹೆಚ್ಚಾಗಿ ದುರಸ್ತಿ ಶೆಡ್ಡಿಗೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅತ್ಯುತ್ತಮ ಸಾಕ್ಷಿ ಬೆಂಗಳೂರಿನಲ್ಲೇ ಇದೆ.

[ದೃಶ್ಯ: ಬಿ-24 ಲಿಬರೇಟರ್ ಬಾಂಬರ್, ಕಪ್ಪು ಬಿಳುಪು ಚಿತ್ರ]

ನಿರೂಪಣೆ: ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ತಯಾರಾದ ಹತ್ತಾರು ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಉಳಿದುಹೋದವು. ಮತ್ತೆ ಹಾರದಂತೆ ಅವುಗಳನ್ನು ಬೇಕೆಂದೇ ಕೆಡಿಸಿ ಬಿಡಲಾಗಿತ್ತು. ಯುದ್ಧಕಾಲದಲ್ಲಿ ಅಮೆರಿಕದ ಸೇನಾ ವಿಮಾನಗಳನ್ನು ದುರಸ್ತಿ ಮಾಡಿ ಕೈ ಪಳಗಿಸಿಕೊಂಡಿದ್ದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಭಾಗ ತೆಗೆದು ಇನ್ನೊಂದಕ್ಕೆ ಜೋಡಿಸಿ, ಅಷ್ಟಕ್ಕಷ್ಟೇ ಹಾರಬಲ್ಲ ಸ್ಥಿತಿಗೆ ತಂದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ನಾಲ್ಕು ಎಂಜಿನ್‌ಗಳ ಆ ಗುಜರಿ ಬಾಂಬರ್‌ನಲ್ಲಿ ಕುಳಿತು ಅಷ್ಟು ದೂರ ಬರುವುದಕ್ಕೆ ಎಂಥ ಎದೆಗಾರಿಕೆ ಬೇಕು, ನೀವೇ ಊಹಿಸಿ. ಪೂರ್ಣ ದುರಸ್ತಿಯ ನಂತರ 1948ರಿಂದ ವಾಯುಪಡೆ ಸೇರಿದ ಈ ಬಾಂಬರ್‌ಗಳು, ಉಳಿದ ದೇಶಗಳು ತಮ್ಮವನ್ನು ಬಹುಪಾಲು ಕರಗಿಸಿಬಿಟ್ಟಿದ್ದ ಕಾಲದಲ್ಲಿ, 1968ರವರೆಗೂ ಭಾರತದಲ್ಲಿ ಹಾರಿದವು.

ಹಾಗಾಗಿ ಇಂದು ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿರುವ ಕೆಲವು ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದ ಹೋದವು. ಅಂಥದ್ದೇ ಇನ್ನೊಂದು, ಬ್ರಿಟನ್ ಮಾರ್ಗವಾಗಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈ ಸೇರಿ, 1989ರಲ್ಲಿ ಮತ್ತೆ ಆಕಾಶಕ್ಕೇರಿ, ಆ ದೇಶದ ಏರ್‌ಶೋಗಳಲ್ಲಿ ವರ್ಷಗಟ್ಟಲೆ ಹಾರಿತು. ನಮ್ಮ ಕೈಯಿಂದ ಮರುಹುಟ್ಟು ಪಡೆದ ಬಾಂಬರ್ ಅಲ್ಲಿ ಹಾರಿತು, ನಾವೇ ತಯಾರಿಸಿದ ಮಾರುತ್ ಇಲ್ಲಿ ಮತ್ತೆ ಹಾರಲಿಲ್ಲ. ವಿಮಾನಪ್ರಿಯರ ಹೊಟ್ಟೆ ಉರಿಯುವುದಕ್ಕೆ ಇಷ್ಟು ಸಾಲದೇ?

[ದೃಶ್ಯ: ಡಕೋಟಾ ವಿಮಾನದ ಎಂಜಿನ್, ಸಮೀಪದಿಂದ]

ನಿರೂಪಣೆ: ಪೂರ್ತಿ ನಿರಾಶರಾಗಬೇಕಿಲ್ಲ. ವಾಯುಪಡೆಯ ವಿಂಟೇಜ್ ವಿಭಾಗಕ್ಕೆ 2018ರಲ್ಲಿ ಒಂದು ಡಕೋಟಾ, ಅಂದರೆ ಎರಡನೆಯ ಮಹಾಯುದ್ಧದ ಕಾಲದ ಸಾಗಣೆ ವಿಮಾನ, ಬಂದಿತು. ಅದನ್ನು ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕಾಣಿಕೆಯಾಗಿ ನೀಡಿದರು. ಅದರ ಹೆಸರು ಪರಶುರಾಮ. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ಸಂಖ್ಯೆಯಾದ ವಿಪಿ 905 ಅನ್ನೇ ಇದಕ್ಕೂ ಬರೆಸಿದ್ದಾರೆ. ಇದರ ಎಂಜಿನ್ ಹದಿನಾಲ್ಕು ಸಿಲಿಂಡರ್‌ಗಳು ಸುತ್ತಲೂ ಜೋಡಣೆಯಾಗಿರುವ ಟ್ವಿನ್ ವಾಸ್ಪ್; ಲಿಬರೇಟರ್‌ಗೂ ಇದೇ ಎಂಜಿನ್ ಇತ್ತು.

ಈ ಬಗೆಯ ಎಂಜಿನ್ ನಿಂತಲ್ಲೇ ನಿಂತರೆ ಎಣ್ಣೆ ಕೆಳಗಿನ ಸಿಲಿಂಡರ್‌ಗಳಿಗೆ ಇಳಿದು ತುಂಬಿಕೊಳ್ಳುತ್ತದೆ. ಹಾಗೆಯೇ ಚಾಲೂ ಮಾಡಿದರೆ ಪಿಸ್ಟನ್ ಆ ಎಣ್ಣೆಯನ್ನು ಒತ್ತಲಾಗದೆ ಒಳಗಿನ ಸಲಾಕೆ ಬಾಗಬಹುದು. ಆದ್ದರಿಂದ ಸಿಬ್ಬಂದಿ ಪ್ರೊಪೆಲ್ಲರ್‌ನ ಅಲಗುಗಳನ್ನು ಒಂದಾದ ಮೇಲೊಂದರಂತೆ ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಚಾಲೂ ಆದೊಡನೆ ಭುಸ್ಸೆಂದು ಹೊರಬರುವ ನೀಲಿ ಹೊಗೆ ಉಳಿದ ಎಣ್ಣೆ ಉರಿದದ್ದು. ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

[ದೃಶ್ಯ: ಯಲಹಂಕ, ಏರೋ ಇಂಡಿಯಾ; ಸೂರ್ಯಕಿರಣ್ ತಂಡ]

ನಿರೂಪಣೆ: ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ದಶಕಗಳಿಂದ ನಡೆದೇ ಇರುವುದರಿಂದ, ಏರ್‌ಶೋ ನೋಡಲು ನಾವು ಸದ್ಯಕ್ಕೆ ಯಲಹಂಕಕ್ಕೇ ಹೋಗಬೇಕು. 1996ರಲ್ಲಿ ಆರಂಭವಾದ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಮೊದಲ ದಿನಗಳು ವ್ಯಾಪಾರದವರಿಗೆ, ಕೊನೆಯ ದಿನಗಳು ಸಾರ್ವಜನಿಕರಿಗೆ. ಪ್ರದರ್ಶನದ ದಿನಗಳಲ್ಲಿ ಸುತ್ತಮುತ್ತ ಮಾಂಸ ಮಾರಾಟಕ್ಕೂ ತಡೆ ಇರುತ್ತದೆ. 2025ರಲ್ಲಿ 13 ಕಿಲೋಮೀಟರ್‌ವರೆಗೆ ಈ ತಡೆ ಇತ್ತು. ಎಸೆದ ತುಣುಕುಗಳಿಗಾಗಿ ಹದ್ದುಗಳು ಮೇಲೇಳುತ್ತವೆ, ಎಂಜಿನ್‌ಗೆ ಒಂದು ಹದ್ದು ಸಿಕ್ಕಿದರೂ ಅನಾಹುತ.

ವಾಯುಪಡೆಯ ವೈಮಾನಿಕ ಕಸರತ್ತಿನ ತಂಡವಾದ ಸೂರ್ಯಕಿರಣ್ ವಿಮಾನಗಳು ಬಿಡುವ ಬಿಳಿ ಹೊಗೆ ಹೊಗೆಯೇ ಅಲ್ಲ. ಎಂಜಿನ್ನಿನ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸಿದಾಗ ಅದು ಆವಿಯಾಗಿ, ಹೊರಗಿನ ತಂಪಿಗೆ ಸಣ್ಣ ಹನಿಗಳಾಗಿ ಹಾಗೆ ಕಾಣುತ್ತದೆ. 2011ರವರೆಗೆ ಈ ತಂಡದವರು ಹಾರಿಸುತ್ತಿದ್ದ ಕಿರಣ್ ಮಾರ್ಕ್-2ರಲ್ಲಿ ಇದ್ದದ್ದು ಆರ್ಫಿಯಸ್ ಎಂಜಿನ್, ಅಂದರೆ ಮಾರುತ್‌ನ ಎಂಜಿನ್ನಿನ ಒಡಹುಟ್ಟು. ಆ ಕಾಲದ ಪ್ರದರ್ಶನ ನೋಡಿದವರು ಮಾರುತ್‌ನ ದನಿಗೆ ಹತ್ತಿರದ ದನಿಯನ್ನು ಕೇಳಿಯೇ ಇದ್ದಾರೆ.

[ದೃಶ್ಯ: ರೇಖಾಚಿತ್ರ, ವಿಮಾನ ಮತ್ತು ಶಬ್ದದ ದಿಕ್ಕು]

ನಿರೂಪಣೆ: ಮೊದಲ ಸಲ ಬಂದವರು ಶಬ್ದ ಬಂದ ಕಡೆಗೆ ಕತ್ತೆತ್ತಿ, ಅಲ್ಲಿ ಬರಿಯ ಆಕಾಶ ಕಂಡು ಪೆಚ್ಚಾಗುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಒಂದು ಕಿಲೋಮೀಟರ್ ದೂರದ ಜೆಟ್‌ನ ಸದ್ದು ನಿಮ್ಮ ಕಿವಿ ಮುಟ್ಟುವಷ್ಟರಲ್ಲಿ ಸುಮಾರು ಮೂರು ಸೆಕೆಂಡ್ ಕಳೆದಿರುತ್ತದೆ. ಗಂಟೆಗೆ 720 ಕಿಲೋಮೀಟರ್ ವೇಗದ ವಿಮಾನ ಅಷ್ಟರಲ್ಲಿ 600 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಸದ್ದಿನ ಮುಂದಕ್ಕೆ, ವಿಮಾನ ಸಾಗುವ ದಿಕ್ಕಿಗೆ, ಕಣ್ಣು ಹಾಯಿಸಿ. ಡಕೋಟಾ ಬಂದಾಗ ಈ ಲೆಕ್ಕ ಅಷ್ಟಾಗಿ ಬೇಕಾಗುವುದಿಲ್ಲ; ಅದು ಸಾವಕಾಶವಾಗಿ ಹಾರುವುದರಿಂದ ಹೆಚ್ಚುಕಡಿಮೆ ಸದ್ದಿನ ಜೊತೆಯಲ್ಲೇ ಕಾಣಿಸಿಕೊಳ್ಳುತ್ತದೆ.